ಯಂತ್ರಕ್ಕೆ ಕಾವಲು

ಯಂತ್ರವು ದುಡಿಯುತ್ತಿರುವಾಗ ಮನುಷ್ಯನಿಗೆ ಏನು ಕೆಲಸ? ಸುಮ್ಮನೆ ನೋಡಿಕೊಂಡಿದ್ದರಾಯಿತು ಎಂದು ನೀವು ಹೇಳಬಹುದು. ಆ ನೋಡಿಕೊಂಡಿರುವುದು ಎಷ್ಟು ಕಷ್ಟವೆಂಬುದಕ್ಕೆ ಒಂದು ಹಡಗಿನ ವೃತ್ತಾಂತವನ್ನು ಕೇಳಿ.

೧೯೯೫ನೆಯ ಇಸವಿ ಜೂನ್ ತಿಂಗಳಲ್ಲಿ 'ರಾಯಲ್ ಮೆಜೆಸ್ಟಿ' ಎಂಬ ಪ್ರವಾಸಿ ಹಡಗು ಬರ್ಮುಡಾದಿಂದ ಅಮೆರಿಕದ ಬಾಸ್ಟನ್ ನಗರಕ್ಕೆ ಹೊರಟಿತು. ಅದರಲ್ಲಿದ್ದವರು ಸುಮಾರು ೧,೫೦೦ ಮಂದಿ. ಉಪಗ್ರಹಗಳ ಸಂಕೇತವನ್ನು ಹಿಡಿದು ಹಡಗು ಎಲ್ಲಿದೆಯೆಂದು ತಿಳಿಸುವ ಉಪಕರಣವೊಂದಿತ್ತು. ಅದರ ಮಾತನ್ನು ನಂಬಿ ಚುಕ್ಕಾಣಿ ತಿರುಗಿಸುವ ಯಂತ್ರ ಮತ್ತೊಂದಿತ್ತು. ಹೊರಟ ಸ್ವಲ್ಪ ಹೊತ್ತಿನಲ್ಲೇ ಆಂಟೆನಾದ ತಂತಿ ಕಳಚಿಕೊಂಡಿತು. ಉಪಕರಣ ಆಗಲೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಅದು ಸುಮ್ಮನಾಗದೆ, ವೇಗವನ್ನೂ ದಿಕ್ಕನ್ನೂ ಗುಣಿಸಿ ಅಂದಾಜಿನ ಸ್ಥಾನವನ್ನು ಹೇಳುತ್ತ ಹೋಯಿತು. ಅಂದಾಜೆಂಬುದಕ್ಕೆ ಅದರ ಮುಖದ ಮೇಲೆ ಪುಟ್ಟ ಅಕ್ಷರಗಳಷ್ಟೇ ಸಾಕ್ಷಿ! ಗಾಳಿಯೂ ಪ್ರವಾಹವೂ ಹಡಗನ್ನು ಪಕ್ಕಕ್ಕೆ ತಳ್ಳುತ್ತಿದ್ದುದು ಆ ಲೆಕ್ಕಕ್ಕೆ ಸೇರಲಿಲ್ಲ. ಒಂದೂವರೆ ದಿನದ ಬಳಿಕ, ಜೂನ್ ೧೦ರ ರಾತ್ರಿ, ನಾಂಟುಕೆಟ್ ದ್ವೀಪದ ಪೂರ್ವದಲ್ಲಿ ಹಡಗು ಮರಳುದಿಣ್ಣೆಯನ್ನೇರಿ ಕುಳಿತಿತು. ಆಗ ಅದು ದಾರಿಯಿಂದ ೧೭ ಮೈಲಿ ಸರಿದಿತ್ತು. ಪುಣ್ಯವಶಾತ್ ಯಾರಿಗೂ ಪೆಟ್ಟಾಗಲಿಲ್ಲ.

ಅಧಿಕಾರಿಗಳು ನಿದ್ರೆ ಹೋಗಿದ್ದರೆ? ಇಲ್ಲ. ಗಂಟೆಗೊಮ್ಮೆ ನಕ್ಷೆಯಲ್ಲಿ ಹಡಗಿನ ಸ್ಥಾನವನ್ನು ಗುರುತಿಸುತ್ತಲೇ ಇದ್ದರು. ಆದರೆ ಆ ಉಪಕರಣ ಹೇಳಿದ ಸ್ಥಾನವನ್ನೇ! ದಾರಿ ತೋರಿಸಲು ತೇಲಿಬಿಟ್ಟ ಗುರುತೊಂದು ರಾಡಾರಿನಲ್ಲಿ ಕಂಡಾಗ, ತಾವು ಎದುರುನೋಡುತ್ತಿದ್ದುದು ಅದೇ ಎಂದುಕೊಂಡರು.

ಇಂಥವರನ್ನು ಅಜಾಗರೂಕರೆಂದು ಬೈದು ಕೈತೊಳೆದುಕೊಳ್ಳುವುದು ಲೋಕದ ಪದ್ಧತಿ. ಮನಶ್ಶಾಸ್ತ್ರಜ್ಞರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಮಹಾಯುದ್ಧದ ಕಾಲದಲ್ಲಿ ರಾಡಾರ್ ನೋಡುತ್ತ ಕುಳಿತವರ ಕಣ್ಣು ತಪ್ಪುವುದೇಕೆಂದು ಕೇಂಬ್ರಿಜ್ಜಿನ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷಿಸಿದರು. ಸೆಕೆಂಡಿಗೊಮ್ಮೆ ನೆಗೆಯುವ ಮುಳ್ಳು. ಎಲ್ಲೋ ಒಮ್ಮೆ ಎರಡರಷ್ಟು ನೆಗೆಯುತ್ತದೆ. ಅದನ್ನು ಕಂಡು ಹೇಳಬೇಕು, ಅಷ್ಟೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಒಳ್ಳೆಯ ಕಣ್ಣುಗಳೂ ತಪ್ಪತೊಡಗಿದುವು.

ಈ ಶೋಧನೆಯನ್ನು ಯಂತ್ರಯುಗಕ್ಕೆ ತಂದವರಲ್ಲಿ ಪ್ರಮುಖರು, ಅಮೆರಿಕದಲ್ಲಿದ್ದು ೨೦೧೫ರಲ್ಲಿ ತೀರಿಕೊಂಡ ರಾಜಾ ಪರಶುರಾಮನ್. ೧೯೯೩ರಲ್ಲಿ ಅವರೂ ಸಂಗಡಿಗರಿಬ್ಬರೂ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಪರದೆಯ ಮೇಲೆ ವಿಮಾನ ನಡೆಸುವಂಥ ಮೂರು ಕೆಲಸಗಳು. ಗುರಿ ತಪ್ಪದಂತೆ ಹಿಡಿಯುವುದೂ ಇಂಧನ ತೂಗಿಸುವುದೂ ಮನುಷ್ಯನ ಪಾಲು. ಎಂಜಿನ್ ಕಾಯುವುದು ಯಂತ್ರದ ಪಾಲು. ಯಂತ್ರ ತಪ್ಪಿದರೆ ಮನುಷ್ಯ ಹಿಡಿಯಬೇಕು. ಯಂತ್ರವು ಸದಾ ಒಂದೇ ಸಮನಾಗಿ ನಡೆದುಕೊಂಡ ಕಡೆ ಜನ ಅದರ ತಪ್ಪುಗಳನ್ನು ಬಹಳವಾಗಿ ಕಾಣದೆ ಹೋದರು. ಒಮ್ಮೆ ಚೆನ್ನಾಗಿ, ಒಮ್ಮೆ ಕೆಟ್ಟದಾಗಿ ನಡೆದ ಯಂತ್ರದ ಮೇಲೆ ಕಣ್ಣಿಟ್ಟೇ ಇದ್ದರು. ಇನ್ನೊಂದು ಸೋಜಿಗವೇನೆಂದರೆ, ಬೇರೆ ಕೆಲಸವಿಲ್ಲದೆ ಎಂಜಿನ್ನನ್ನೇ ನೋಡುವಂತೆ ಮಾಡಿದಾಗ ಹೆಚ್ಚುಕಡಿಮೆ ಎಲ್ಲ ತಪ್ಪುಗಳೂ ಸಿಕ್ಕಿದುವು. ಎಂದಮೇಲೆ ಇದು ಸೋಮಾರಿತನವಲ್ಲ. ಅವಧಾನವು ಕೆರೆಯ ನೀರಿನಂತೆ ಅಳತೆಯುಳ್ಳದ್ದು. ಕೂಗಿ ಬೇಡುವ ಗದ್ದೆಗೆ ಹರಿದುಬಿಡುತ್ತದೆ.

ಅವಧಾನವೆಂದೊಡನೆ ನಿಮಗೆ ಅಷ್ಟಾವಧಾನ ನೆನಪಾಗಿರಬೇಕು. ಪದ್ಯ ಕಟ್ಟುತ್ತಲೇ ಗಂಟೆಯ ಬಡಿತ ಎಣಿಸುವುದು ಅಲ್ಲಿ ಒಂದಂಗ. ಆದರೆ ಗಂಟೆ ಬಡಿದೇ ಬಡಿಯುತ್ತದೆಂದು ಅವಧಾನಿ ಬಲ್ಲ. ಯಂತ್ರದ ಮುಂದೆ ಕುಳಿತವನ ಗಂಟೆ ವರ್ಷಕ್ಕೊಮ್ಮೆ ಬಡಿದೀತು, ಬಡಿಯದೆಯೂ ಇದ್ದೀತು.

೧೯೯೭ರಲ್ಲಿ ವಿಕ್ಟರ್ ರೈಲಿಯವರೊಡನೆ ಬರೆದ ಲೇಖನದಲ್ಲಿ ಪರಶುರಾಮನ್ ದೋಷಗಳನ್ನು ವಿಂಗಡಿಸಿದರು. ಅತಿಯಾಗಿ ನಂಬುವುದು ಒಂದು. ಸುಳ್ಳು ಎಚ್ಚರಿಕೆಗಳ ಕಾಟದಿಂದ ಯಂತ್ರವನ್ನೇ ತೊರೆಯುವುದು ಇನ್ನೊಂದು. ಮೂರನೆಯದು ಕುಳಿತು ಕಾಯುವವನದಲ್ಲ. ಅವನಿಗೆ ಏನಾಗುತ್ತದೆಂದು ಯೋಚಿಸದೆ ಯಂತ್ರವನ್ನು ತಂದು ನಿಲ್ಲಿಸಿದವರದು. ನನಗಂತೂ ಈ ಮೂರನೆಯದೇ ದೊಡ್ಡದಾಗಿ ಕಾಣುತ್ತದೆ. ಅಪಘಾತದ ಮರುದಿನ ಅವರ ಹೆಸರು ಹೊರಗೆ ಬರುವುದು ಅಪರೂಪ.

ಮದ್ದಿಲ್ಲವೆ? ೧೯೯೬ರಲ್ಲಿ ಅವರ ತಂಡ ಒಂದನ್ನು ಪರೀಕ್ಷಿಸಿತ್ತು. ನಡುವೆ ಹತ್ತೇ ಹತ್ತು ನಿಮಿಷ, ಎಂಜಿನ್ ಕಾವಲನ್ನು ಯಂತ್ರದಿಂದ ಬಿಡಿಸಿ ಮನುಷ್ಯನ ಕೈಗೇ ಕೊಟ್ಟರು. ಮರಳಿ ಯಂತ್ರಕ್ಕೊಪ್ಪಿಸಿದ ಮೇಲೆ, ಅದರ ತಪ್ಪುಗಳು ಅವನ ಕಣ್ಣಿಗೆ ಮೊದಲಿಗಿಂತ ಹೆಚ್ಚಾಗಿ ಬಿದ್ದುವು.