ಸವಾರಿಯೋ, ಸಾಗಣೆಯೋ?



ಅಮೆರಿಕದ ದಕ್ಷಿಣ ಡಕೋಟ ರಾಜ್ಯದ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲಿನ ಅಂಚಿನಲ್ಲಿ ಸ್ಟರ್ಜಿಸ್ ಎಂಬ ಸಣ್ಣ ಪಟ್ಟಣವಿದೆ. 1938ರಲ್ಲಿ ಆರಂಭವಾದ ಅಲ್ಲಿನ ಮೋಟಾರ್‌ಸೈಕಲ್ ಮೇಳ ಪ್ರತಿವರ್ಷ ಆಗಸ್ಟ್‌ನಲ್ಲಿ ನಡೆಯುತ್ತದೆ. ಸುಮಾರು 7,000 ಜನರಿರುವ ಆ ಊರಿಗೆ 2015ರಲ್ಲಿ 7 ಲಕ್ಷಕ್ಕೂ ಹೆಚ್ಚು ಮಂದಿ ಬಂದರೆಂದು ಅಂದಾಜು. ಹಲವರು ಬೈಕನ್ನು ಟ್ರೈಲರ್‌ಗೇರಿಸಿ, ಪಿಕಪ್ ವಾಹನದಿಂದ ಎಳೆದು ತರುತ್ತಾರೆ. ಸವಾರಿ ಮಾಡಿ ಬಂದವರು ಅವರನ್ನು ಗೇಲಿ ಮಾಡುವುದುಂಟು.

ಈ ವಾದವನ್ನು ಇಂಧನದ ಲೆಕ್ಕದಿಂದ ಅಳೆಯುವುದು ಉಚಿತ. ದೊಡ್ಡ ಬೈಕ್ ಲೀಟರಿಗೆ 18 ಕಿ.ಮೀ., ಟ್ರೈಲರ್ ಎಳೆಯುವ ವಾಹನ 6 ಕಿ.ಮೀ. ಓಡುತ್ತವೆಂದು ಇಟ್ಟುಕೊಳ್ಳೋಣ. 900 ಕಿ.ಮೀ. ದಾರಿಗೆ ಬೈಕಿಗೆ 50 ಲೀಟರ್, ವಾಹನಕ್ಕೆ 150 ಲೀಟರ್ ಬೇಕು. ಒಂದೇ ಬೈಕ್ ಹೇರಿದರೆ ವ್ಯಯ ಮೂರು ಪಟ್ಟು, ಮೂರಾದರೆ ಸಮಸಮ, ನಾಲ್ಕಾದರೆ ಟ್ರೈಲರಿನಲ್ಲಿಯೇ ಉಳಿತಾಯ. ಆದ್ದರಿಂದ ಒಂಟಿಯಾಗಿ ಬರುವವರು ಸವಾರಿ ಮಾಡುವುದು, ನಾಲ್ವರಾದರೆ ಟ್ರೈಲರ್ ಹಂಚಿಕೊಳ್ಳುವುದು ವಿವೇಕ.

ಆದರೆ ಬೆಟ್ಟ ತಲುಪಿದ ಮೇಲೆ ಈ ಅಂತರ ಅಳಿಯುತ್ತದೆ. ಟ್ರೈಲರಿನಿಂದಿಳಿದ ಬೈಕೂ ಅಷ್ಟೇ ಸದ್ದು ಮಾಡುತ್ತದೆ, ಅಷ್ಟೇ ಹೊಗೆ ಉಗುಳುತ್ತದೆ. ಸಮೀಪದ ಬೇರ್ ಬ್ಯೂಟ್ ಬೆಟ್ಟ ಲಕೋಟ ಮತ್ತು ಶಾಯೆನ್ ಜನರ ಪ್ರಾರ್ಥನಾಸ್ಥಳ. ಅದರ ಮೌನಕ್ಕಾಗಿ ಅವರು ಪ್ರತಿಭಟಿಸಿದ್ದಾರೆ. ಅತಿಥಿಗಳು ಹೇಗೆ ಬರಬೇಕೆಂಬುದನ್ನು ಅತಿಥಿಗಳೇ ಚರ್ಚಿಸಲಿ. ಎಷ್ಟು ಮಂದಿ ಬರಬಹುದೆಂದು ನಿರ್ಧರಿಸುವಾಗ ಬೆಟ್ಟದ ಜನರ ಮಾತಿಗೂ ಬೆಲೆ ಸಿಗಬೇಕು.