ವಿಮಾನಲೋಹವೂ ಬೆಳಕಿನ ಉಳಿಯೂ



ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯವರಿಗೆ ಕಲ್ಲು ಸೀಳುವ ವಿದ್ಯೆಯು ಹೊಸತಲ್ಲ. ಇಲ್ಲಿಯ ಕರಿಕಲ್ಲು ದೇಶಾಂತರಗಳಿಗೂ ಹೋಗಿರುವುದು. ಸಾಲಾಗಿ ಕುಳಿ ಕೊರೆದು ಬೆಣೆಯಿಟ್ಟು ಬಡಿದರೆ ಬಂಡೆಯು ಎರಡಾಗುವುದು. ಆದರೆ ಅಷ್ಟರಿಂದಲೇ ಕಲ್ಲುಕುಟಿಗನಿಗೆ ತೃಪ್ತಿಯಿಲ್ಲ. ಸೀಳಿದ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆ ಕಲ್ಲು ಕಂಬಕ್ಕೆ ಬಾರದೆಂದು ಅವನು ಬಲ್ಲನು. ಲೋಹವನ್ನು ಬೆಳಕಿನಿಂದ ಕತ್ತರಿಸುವ ಇಂದಿನ ವಿದ್ಯೆಯ ಮರ್ಮವೂ ಇದೇ ಆಗಿದೆ.

ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದರು 1940ನೆಯ ಇಸವಿ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಅಂದಿನಿಂದ ವಿಮಾನನಿರ್ಮಾಣವು ಕನ್ನಡನಾಡಿನ ಕಸುಬುಗಳಲ್ಲೊಂದಾಯಿತು. ಅಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ವಿಮಾನವು 1951ರಲ್ಲಿಯೂ, ತೇಜಸ್ ವಿಮಾನವು 2001ನೆಯ ಜನವರಿ 4ರಂದೂ ಮೊದಲ ಸಲ ಆಕಾಶಕ್ಕೇರಿದುವು.

ವಿಮಾನಕ್ಕೆ ಹಗುರವೂ ಬಲಿಷ್ಠವೂ ಆದ ಲೋಹ ಬೇಕು. ಅಲ್ಯೂಮಿನಿಯಂ ಹಗುರವಾದುದು, ಆದರೆ ಶುದ್ಧರೂಪದಲ್ಲಿ ಮೆದು. ಅದಕ್ಕೆ ತಾಮ್ರಾದಿಗಳನ್ನು ಬೆರೆಸಿ, ಕಾಸಿ, ತಟ್ಟನೆ ತಣಿಸಿ, ಕೆಲವು ದಿನ ಹಾಗೆಯೇ ಇಟ್ಟರೆ ತಾನಾಗಿ ಗಟ್ಟಿಯಾಗುವುದೆಂಬುದನ್ನು ಜರ್ಮನಿಯ ಆಲ್ಫ್ರೆಡ್ ವಿಲ್ಮನು 1906ರ ಸುಮಾರಿಗೆ ಕಂಡುಕೊಂಡನು. ಕಾವಿನ ಹದದಿಂದ ಬಂದ ಈ ಬಲವು ಹದ ತಪ್ಪಿದ ಕಾವಿನಿಂದಲೇ ಕುಂದುವುದೆಂಬುದನ್ನು ಮರೆಯಲಾಗದು.

ಇನ್ನು ಲೇಸರ್ ಎಂಬ ಬೆಳಕಿನ ಉಳಿಯ ವಿಚಾರ. ಇದರ ಅಲೆಗಳೆಲ್ಲ ಒಂದೇ ಹೆಜ್ಜೆಯಲ್ಲಿ ನಡೆಯುವುವು. ಅಮೆರಿಕದ ಥಿಯೊಡೋರ್ ಮೈಮನನು 1960ರಲ್ಲಿ ಇದನ್ನು ಮೊದಲು ಹೊರಡಿಸಿದನು. ಭಾರತದಲ್ಲಿ ಜನಿಸಿ ಅಮೆರಿಕದಲ್ಲಿ ಕೆಲಸಮಾಡಿದ ಕುಮಾರ್ ಪಟೇಲರು 1964ರಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ನಿರ್ಮಿಸಿದರು. ಕಿರಣವನ್ನು ಮಸೂರದಿಂದ ಒಂದು ಬಿಂದುವಿಗೆ ಕೂಡಿಸಿದರೆ ಲೋಹವು ಕರಗುವುದು. ರಭಸದಿಂದ ಊದಿದ ಸಾರಜನಕವು ಕರಗಿದ ದ್ರವವನ್ನು ಕೆಳಕ್ಕೆ ತಳ್ಳುವುದು.

ಅಲ್ಯೂಮಿನಿಯಮ್ಮಾದರೋ ಸುಲಭವಾಗಿ ವಶವಾಗದು. ಪಟೇಲರ ಲೇಸರಿನ 10.6 ಮೈಕ್ರೋಮೀಟರ್ ಅಲೆಯ ಬಹುಭಾಗವನ್ನು ಅದು ಕನ್ನಡಿಯಂತೆ ಹಿಂದಿರುಗಿಸುವುದು. ಹೀರಿದ ಕಾವನ್ನೂ ಬೇಗನೆ ಸುತ್ತಲೂ ಹರಡಿಬಿಡುವುದು. ಲೋಹವು 660 ಡಿಗ್ರಿ ಸೆಲ್ಸಿಯಸ್ಸಿಗೆ ಕರಗಿದರೆ ಅದರ ಮೇಲಣ ಆಕ್ಸೈಡಿನ ಪೊರೆಯು 2000 ಡಿಗ್ರಿಯನ್ನು ಮೀರಿದ ಮೇಲೆಯೇ ಕರಗುವುದು. ಸುಮಾರು 1 ಮೈಕ್ರೋಮೀಟರ್ ಅಲೆಯ ಫೈಬರ್ ಲೇಸರನ್ನು ಈ ಲೋಹವು ಹೆಚ್ಚಾಗಿ ಹೀರುವುದರಿಂದ ಕೆಲಸವು ಈಗ ಸುಗಮವಾಗಿದೆ.

ಕತ್ತರಿಸಿದುದಾಯಿತು, ಅಂಚಿನ ಗತಿಯೇನು? ಅಲ್ಲಿ ಕರಗಿ ಮರಳಿ ಹೆಪ್ಪುಗಟ್ಟಿದ ತೆಳುಪದರವೂ, ಅದರ ಪಕ್ಕದಲ್ಲಿ ಹದಗೆಟ್ಟ ಪಟ್ಟಿಯೂ ಉಳಿಯುವುವು. 2024, 7075 ಎಂಬ ಸಂಖ್ಯೆಗಳಿಂದ ಹೆಸರಾದ ವಿಮಾನದ ಮಿಶ್ರಲೋಹಗಳಲ್ಲಿ ಸೂಕ್ಷ್ಮವಾದ ಬಿರುಕುಗಳೂ ಹುಟ್ಟಬಹುದು. ಅಡುಗೆಯ ಪಾತ್ರೆಗೆ ಇದು ಬಾಧಕವಲ್ಲ. ಹಾರಾಟದಲ್ಲಿ ಮತ್ತೆ ಮತ್ತೆ ಎಳೆತಕ್ಕೆ ಸಿಕ್ಕುವ ತಗಡಿಗೆ ಇದು ಮೃತ್ಯುವಾಗಬಲ್ಲುದು. 1954ರ ಜನವರಿಯಲ್ಲಿಯೂ ಏಪ್ರಿಲ್‌ನಲ್ಲಿಯೂ ಎರಡು ಕಾಮೆಟ್ ವಿಮಾನಗಳು ಇಟಲಿಯ ಬಳಿ ಆಕಾಶದಲ್ಲಿಯೇ ಒಡೆದು 56 ಮಂದಿ ಮಡಿದರು. ಮೈತಗಡಿನಲ್ಲಿ ಕೊರೆದ ತೆರಪಿನ ಮೂಲೆಯಿಂದ ಬಿರುಕು ಹಬ್ಬಿತ್ತೆಂದು ವಿಚಾರಣೆಯಲ್ಲಿ ತಿಳಿದುಬಂತು. ಅಂದು ಲೇಸರ್ ಇರಲಿಲ್ಲ. ಆದರೂ ಅಂಚನ್ನು ಕಡೆಗಣಿಸಬಾರದೆಂಬ ಪಾಠವು ಇಂದಿಗೂ ಸಲ್ಲುವುದು.

ಆದಕಾರಣ ಹೆಚ್ಚು ಭಾರ ಹೊರುವ ಭಾಗಗಳನ್ನು ಗೆರೆಗಿಂತ ತುಸು ಹೊರಗೆ ಲೇಸರಿನಿಂದ ಕತ್ತರಿಸಿ, ಹದಗೆಟ್ಟ ಅಂಚನ್ನು ಯಂತ್ರದಿಂದ ಹೆರೆದು, ಬಿರುಕಿನೊಳಕ್ಕೆ ಇಳಿಯುವ ಬಣ್ಣದ ದ್ರವವನ್ನು ಹಚ್ಚಿ ಪರೀಕ್ಷಿಸುವುದೇ ಕ್ಷೇಮ. ಈ ಸೀಮೆಯ ತರುಣರು ಅಂತಹ ಕಾರ್ಖಾನೆಗಳಿಗೆ ಹೋದಾಗ ಯಂತ್ರದ ವೇಗಕ್ಕೆ ಮರುಳಾಗದೆ, ಹಿರಿಯ ಕಲ್ಲುಕುಟಿಗರಂತೆ ಮೊದಲು ಅಂಚನ್ನು ನೋಡಲಿ. ಕಾಣದ ಪ್ರಯಾಣಿಕರ ಪ್ರಾಣವು ಆ ಅಂಚಿನ ಮೇಲೆ ನಿಂತಿರುವುದು.