ಗೈರುಹಾಜರಾದವರ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದರು. ಅದರ ಬದಲು ನನ್ನ ಬಿ.ಇ. ಕೊನೆಯ ವರ್ಷದ ಪ್ರಾಜೆಕ್ಟಿನ ವಿಷಯ ಹೇಳುತ್ತೇನೆ. ಅದರಲ್ಲಿ ಈ ಶಾಲೆಯ ಹಾಜರಿ ಪುಸ್ತಕವೂ ಬರುತ್ತದೆ.

2018ರ ಮಾತು. ನಾವು ನಾಲ್ವರು ವಿದ್ಯಾರ್ಥಿಗಳು ಬೆಂಗಳೂರಿನ ಒಂದು ಸಣ್ಣ ಹೊಸ ಕಂಪನಿಗೆ ಹೋದೆವು. ಆಪರೇಷನ್ ಆದ ಮೇಲೆ ದಾರದ ಹೊಲಿಗೆಯ ಬದಲು ಚರ್ಮಕ್ಕೆ ಲೋಹದ ಪಿನ್ನು ಹಾಕುತ್ತಾರಲ್ಲ, ಆ ಸ್ಟೇಪ್ಲರನ್ನು ಅವರು ತಯಾರಿಸಿದ್ದರು. ವೈದ್ಯಕೀಯ ಸಾಧನಗಳ ಹೊಸ ನಿಯಮಗಳು ಅದೇ ಜನವರಿ 1ರಿಂದ ಜಾರಿಗೆ ಬಂದಿದ್ದವು. ಅಪಾಯದ ಪ್ರಮಾಣ ನೋಡಿ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡುತ್ತಾರೆ. ತಯಾರಿಕೆಯ ಲೈಸೆನ್ಸ್ ಮೊದಲೆರಡಕ್ಕೆ ರಾಜ್ಯದಿಂದ, ಉಳಿದೆರಡಕ್ಕೆ ಕೇಂದ್ರದಿಂದ.

ಆದರೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಆಸ್ಪತ್ರೆಯವರು ಕೊಳ್ಳುವುದಿಲ್ಲ. ‘ಎಷ್ಟು ಜನಕ್ಕೆ ಹಾಕಿದಿರಿ, ಎಷ್ಟು ಜನಕ್ಕೆ ವಾಸಿಯಾಯಿತು?’ ಎಂದು ಸರ್ಜನ್ನರು ಕೇಳುತ್ತಾರೆ. ನೈತಿಕ ಸಮಿತಿಯ ಒಪ್ಪಿಗೆ ಪಡೆದು ಒಂದು ಆಸ್ಪತ್ರೆ ಆ ಮಾಹಿತಿ ಸಂಗ್ರಹಿಸುತ್ತಿತ್ತು. ಅದನ್ನು ಲೆಕ್ಕ ಹಾಕುವ ತಂತ್ರಾಂಶ ಬರೆಯುವುದು ನಮ್ಮ ಪಾಲಿನ ಕೆಲಸ. ರೋಗಿಗಳ ಹೆಸರು ನಮಗೆ ಕೊಡುತ್ತಿರಲಿಲ್ಲ, ನಂಬರ್ ಮಾತ್ರ.

ತೊಡಕು ಇಲ್ಲಿತ್ತು. ಪಿನ್ನು ತೆಗೆಸಲು ಕೆಲವರು ವಾಪಸ್ ಬಂದಿರಲೇ ಇಲ್ಲ. ದುಂಡು ಅಂಕಿಯಲ್ಲಿ ಹೇಳುತ್ತೇನೆ. 40 ಜನರಲ್ಲಿ ವಾಪಸ್ ಬಂದವರು 30, ಅವರಲ್ಲಿ ಗಾಯ ಚೆನ್ನಾಗಿ ಮಾಗಿದ್ದು 27 ಜನಕ್ಕೆ ಎಂದುಕೊಳ್ಳಿ. ಬಂದವರನ್ನಷ್ಟೇ ಎಣಿಸಿದರೆ ಶೇಕಡ 90. ಎಲ್ಲರನ್ನೂ ಎಣಿಸಿದರೆ, ಚೆನ್ನಾಗಿದ್ದಾರೆ ಎಂದು ಖಚಿತವಾಗಿ ಹೇಳಬಹುದಾದದ್ದು ಶೇಕಡ 67.5 ಮಾತ್ರ. ನಾನು ಬಾರದವರ ಸಾಲುಗಳನ್ನು ಅಳಿಸಿ ಮೊದಲನೆಯ ಲೆಕ್ಕವನ್ನೇ ಮಾಡಿದೆ. ಕಂಪನಿಯವರಿಗೂ ಖುಷಿಯಾಯಿತು.

ಆ ರಾತ್ರಿ ಹಾಸ್ಟೆಲಿನಲ್ಲಿ ನಮ್ಮ ಗಣಿತದ ಮೇಷ್ಟ್ರು ನೆನಪಾದರು. ಎಂಟನೇ ತರಗತಿಯಲ್ಲಿ ಹಾಜರಿ ಕೂಗುವಾಗ ಮೂರು ದಿನ ಬಾರದ ಹುಡುಗನ ಹೆಸರು ಬಂದರೆ ಪೆನ್ನು ನಿಲ್ಲಿಸಿ, ‘ಯಾಕೋ ಬಂದಿಲ್ಲ ಅವನು? ಯಾರಾದರೂ ಅವರ ಮನೆ ಹತ್ರ ಹೋಗಿ ನೋಡ್ಕೊಂಡು ಬನ್ನಿ’ ಎನ್ನುತ್ತಿದ್ದರು. ಗೈರಾದವನ ಹೆಸರನ್ನು ಅವರು ಪುಸ್ತಕದಿಂದ ತೆಗೆದದ್ದು ನಾನು ನೋಡಿಲ್ಲ.

ಮಾರನೆಯ ದಿನ ತಪ್ಪು ಒಪ್ಪಿಕೊಂಡೆ. ‘ಇದನ್ನು ತೋರಿಸಿದರೆ ಯಾರಪ್ಪ ಕೊಳ್ತಾರೆ?’ ಎಂದು ಕಂಪನಿಯವರು ಬೇಸರಪಟ್ಟರು. ಆಸ್ಪತ್ರೆಯ ಡಾಕ್ಟರು ಮಾತ್ರ ನನ್ನ ಕಡೆ ನಿಂತರು. ಬಾರದವರಿಗೆ ಅಲ್ಲಿನ ನರ್ಸಮ್ಮ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಪ್ರಾಜೆಕ್ಟ್ ವರದಿ ತಡವಾಯಿತು, ಗೆಳೆಯರಿಂದ ಬೈಸಿಕೊಂಡೆ.

ಫೋನಿನಲ್ಲಿ ಸಿಕ್ಕವರಲ್ಲಿ ಹೆಚ್ಚಿನವರು ಚೆನ್ನಾಗಿಯೇ ಇದ್ದರು. ಬಸ್ಸು, ಕೂಲಿ ಎರಡೂ ಖರ್ಚೆಂದು ಬೆಂಗಳೂರಿಗೆ ಬಂದಿರಲಿಲ್ಲ, ಊರಿನ ಹತ್ತಿರವೇ ಪಿನ್ನು ತೆಗೆಸಿದ್ದರು. ಆದರೆ ಪಿನ್ನು ತೆಗೆಯಲು ಬೇರೆಯೇ ಒಂದು ಇಕ್ಕಳ ಬೇಕು. ಅದು ಪಿನ್ನನ್ನು ನಡುವೆ ಒತ್ತಿ ತುದಿಗಳನ್ನು ಮೇಲಕ್ಕೆತ್ತುತ್ತದೆ. ಸಣ್ಣ ಕ್ಲಿನಿಕ್ಕುಗಳಲ್ಲಿ ಅದಿರಲಿಲ್ಲ. ಸಾಮಾನ್ಯ ಚಿಮಟದಲ್ಲಿ ಎಳೆದಾಗ ಕೆಲವರಿಗೆ ವಿಪರೀತ ನೋವಾಗಿತ್ತು, ಗಾಯ ಬಾಯಿಬಿಟ್ಟದ್ದೂ ಉಂಟು. ವಾಪಸ್ ಬಂದವರನ್ನೇ ಎಣಿಸಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಕಂಪನಿಯವರು ಆಮೇಲೆ ಪ್ರತಿ ಪೆಟ್ಟಿಗೆಯ ಜೊತೆ ಆ ಇಕ್ಕಳವನ್ನೂ, ಬಳಸುವ ಚಿತ್ರವಿರುವ ಕನ್ನಡ ಚೀಟಿಯನ್ನೂ ಇಟ್ಟರು. ಮನೆಗೆ ಹೋಗುವ ರೋಗಿಯ ಕೈಗೇ ಅದನ್ನು ಕೊಟ್ಟು ಕಳಿಸುವ ವ್ಯವಸ್ಥೆಯಾಯಿತು. ಸಿಗದೇ ಹೋದವರು ಎಷ್ಟು ಜನ ಎಂಬುದನ್ನೂ ವರದಿಯಲ್ಲಿ ಬರೆದೆವು.

ಮಕ್ಕಳೇ, ನೀವು ಮುಂದೆ ಏನೇ ಆಗಿ, ಯಾವುದೋ ಒಂದು ಪಟ್ಟಿ ನಿಮ್ಮ ಕೈಗೆ ಬಂದೇ ಬರುತ್ತದೆ. ಅದರಲ್ಲಿ ಬಾರದವರ ಸಾಲನ್ನು ಅಳಿಸಬೇಡಿ. ಯಾಕೆ ಬಂದಿಲ್ಲ ಎಂದು ಒಮ್ಮೆ ಕೇಳಿ. ನಾನು ಇದನ್ನು ಕಲಿತದ್ದು ಇದೇ ಕಟ್ಟಡದ ಎಂಟನೇ ತರಗತಿಯಲ್ಲಿ.